ಮಸ್ಕಿಯ ಕುರಿಗಾಹಿ ಯಜಮಾನರಿಗೆ

ರಾಯಚೂರು ಸೀಮೆಯ ಮೇ ಬಿಸಿಲು ಗೊತ್ತಲ್ವಾ? ನಮ್ಮೂರ ಬೇಸಿಗೆ ಶಿಬಿರದ ಮಕ್ಕಳಿಗೆ ಮಸ್ಕಿಯ ಅಶೋಕನ ಶಾಸನ ತೋರಿಸಲು ಹೊರಟಿದ್ದೆವು. 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಕಣ್ಣಿಗೆ ಬಿದ್ದ ಶಾಸನ. ಬೇರೆ ಶಾಸನಗಳಲ್ಲಿ ಬರುವ ‘ದೇವಾನಾಂಪ್ರಿಯ’ ಅನ್ನೋ ಬಿರುದಿನ ರಾಜ ಅಶೋಕನೇ ಅಂತ ಖಚಿತವಾಗಿದ್ದು ಇದರಿಂದಲೇ.

ದಾರಿಯಲ್ಲೇ ಒಬ್ಬ ಹುಡುಗಿ ತಲೆ ಸುತ್ತಿ ಕುಸಿದಳು. ನನಗೆ ಕೈಕಾಲೇ ಆಡಲಿಲ್ಲ. ಕುರಿ ಕಾಯುತ್ತಿದ್ದ ಹಿರಿಯರೊಬ್ಬರು ಓಡಿಬಂದು ಅವಳನ್ನು ಬಂಡೆಯ ನೆರಳಿಗೆ ಎತ್ತಿಕೊಂಡು ಹೋದರು. ಟವೆಲ್ ನೆನೆಸಿ ಹಣೆ, ಕತ್ತು, ಅಂಗಾಲು ಒರೆಸಿದರು. ಅವಳು ಕಣ್ಣು ಬಿಟ್ಟ ಮೇಲೆ ತಮ್ಮ ಬುತ್ತಿಯ ಮಜ್ಜಿಗೆಗೆ ಚಿಟಿಕೆ ಉಪ್ಪು ಬೆರೆಸಿ, ಬಾಟಲಿ ಮುಚ್ಚಳದಲ್ಲೇ ಗುಟುಕು ಗುಟುಕಾಗಿ ಕುಡಿಸಿದರು.

“ಸಾವಕಾಶ ಕುಡಿಯವ್ವ, ಗಾಬರಿ ಆಗಬ್ಯಾಡ.”

ಅವಳು ಎದ್ದು ಕೂತು “ಶಾಸನ ನೋಡೋಣ ಟೀಚರ್” ಅಂದಾಗ ನನಗೆ ಹೋದ ಜೀವ ಬಂತು. ಹೆಸರು ಕೇಳುವಷ್ಟರಲ್ಲಿ ಅವರು ಕುರಿಗಳ ಹಿಂದೆ ಹೊರಟಿದ್ದರು.

ಯಜಮಾನ್ರೇ, ಹುಡುಗಿ ಆರಾಮಾಗಿದ್ದಾಳೆ. ನಿಮಗೆ ಶರಣು.