ಚಳಿಗೆ ಸೊರಗಿದ ಬಾಳೆಯನ್ನು ಕಿತ್ತೆಸೆಯಬೇಡಿ

ಮಾನ್ಯ ಸಂಪಾದಕರೇ,

ಪ್ರತಿ ಚಳಿಗಾಲದಲ್ಲೂ ಬೀದರ್‌ನ ನಮ್ಮ ಬಡಾವಣೆಯಲ್ಲಿ ಕಾಣುವ ಒಂದು ತಪ್ಪಿನ ಬಗ್ಗೆ ಓದುಗರ ಗಮನ ಸೆಳೆಯಲು ಈ ಪತ್ರ ಬರೆಯುತ್ತಿದ್ದೇನೆ. ಡಿಸೆಂಬರ್, ಜನವರಿಯಲ್ಲಿ ರಾತ್ರಿಯ ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಾಗ ಹಿತ್ತಲ ಬಾಳೆಯ ಎಲೆಗಳು ಹಳದಿಗಟ್ಟಿ, ಅಂಚು ಸುಟ್ಟಂತಾಗಿ, ಸುಳಿಯೂ ಬಿಚ್ಚದೆ ನಿಂತುಬಿಡುತ್ತದೆ. ಗಿಡ ಸತ್ತೇಹೋಯಿತೆಂದು ತಿಳಿದು ಅನೇಕರು ಅದನ್ನು ಬುಡಸಮೇತ ಕಿತ್ತೆಸೆಯುತ್ತಾರೆ. ಆದರೆ ನಾವು ಕಾಂಡವೆನ್ನುವುದು ಒಂದರ ಮೇಲೊಂದು ಸುತ್ತಿಕೊಂಡ ಪಟ್ಟೆಗಳಷ್ಟೆ. ಹೂ ಹೊರಡುವ ಕಾಲ ಬರುವವರೆಗೆ ಬೆಳೆಯುವ ತುದಿ ನೆಲದೊಳಗಿನ ಗಡ್ಡೆಯಲ್ಲೇ ಇರುತ್ತದೆ. ಗಡ್ಡೆ ಗಟ್ಟಿಯಾಗಿದ್ದರೆ ಬಿಸಿಲು ಬಲಿಯುತ್ತಿದ್ದಂತೆ ಗಿಡ ಮತ್ತೆ ಚಿಗುರುತ್ತದೆ.

ಆದ್ದರಿಂದ ಮೊದಲು ಕಾಯಬೇಕಾದದ್ದು ಬುಡವನ್ನು. ದೀಪಾವಳಿ ಮುಗಿಯುತ್ತಿದ್ದಂತೆ ಕಬ್ಬಿನ ರವದಿಯನ್ನೋ ಒಣ ಎಲೆಗಳನ್ನೋ ನಾಲ್ಕೈದು ಅಂಗುಲ ದಪ್ಪಕ್ಕೆ ಹಾಸಿ, ದಿಂಡಿಗೆ ತಾಗಿ ಕೊಳೆಯದಂತೆ ನಾಲ್ಕು ಬೆರಳು ಜಾಗ ಬಿಡಬೇಕು. ಮಹಡಿಯ ಟ್ಯಾಂಕಿನ ನೀರು ಬೆಳಗಿನ ಜಾವ ಕೊರೆಯುವಷ್ಟು ತಣ್ಣಗಿರುವುದರಿಂದ ಬಿಸಿಲೇರಿದ ಮೇಲೆ ಹದವಾಗಿ ನೀರುಣಿಸುವುದು ಒಳ್ಳೆಯದು. ಹಸಿ ಇರುವ ಮಣ್ಣು ಹಗಲಿನ ಬಿಸಿಯನ್ನು ಹಿಡಿದಿಟ್ಟು ರಾತ್ರಿ ಬಿಡುತ್ತದೆ, ಆದರೆ ನೀರು ನಿಂತರೆ ಗಡ್ಡೆಯೇ ಕೊಳೆಯುತ್ತದೆ. ಅಂದಕ್ಕೆಂದು ದಿಂಡಿಗೆ ಜೋತುಬಿದ್ದ ಒಣ ಎಲೆಗಳನ್ನೆಲ್ಲ ಸವರಿ ಹಾಕುವವರಿದ್ದಾರೆ. ಎಲೆಚುಕ್ಕೆ ರೋಗ ತಗುಲಿದವನ್ನು ತೆಗೆದು, ಉಳಿದವನ್ನು ಚಳಿ ಕಳೆಯುವವರೆಗೆ ದಿಂಡಿನ ಹೊದಿಕೆಯಾಗಿ ಬಿಡಬೇಕು. ಗೊನೆಯಿದ್ದರೆ ಅದಕ್ಕೆ ಸಣ್ಣ ರಂಧ್ರಗಳಿರುವ ಪ್ಲಾಸ್ಟಿಕ್ ಚೀಲ ತೊಡಿಸಿ, ಮೇಲೆ ಕಟ್ಟಿ, ಕೆಳಗೆ ಬಾಯಿ ತೆರೆದಿಡಬೇಕು.

ಇಷ್ಟೆಲ್ಲ ಮಾಡಿದರೂ ನೆಟ್ಟ ತಿಂಗಳು ತಪ್ಪಿದ್ದರೆ ನಷ್ಟ ತಪ್ಪದು. ಎರಡು ವರ್ಷದ ಹಿಂದೆ ನರ್ಸರಿಯೊಂದರಿಂದ ತಂದ ಜಿ-9 (ಗ್ರ್ಯಾಂಡ್ ನೈನ್ ಎಂಬ ಬಾಳೆ ತಳಿ) ಸಸಿಯನ್ನು ನಾನು ಏಪ್ರಿಲ್ ಕೊನೆಯಲ್ಲಿ ನೆಟ್ಟೆ. ಮಾರಿದವರು ತಿಂಗಳಿನ ಮಾತೇ ಎತ್ತಲಿಲ್ಲ. ಏಳೆಂಟು ತಿಂಗಳಿಗೆ ಹೂ ಬಿಡುವ ಆ ತಳಿ ಸರಿಯಾಗಿ ಡಿಸೆಂಬರ್ ಚಳಿಗೆ ಸಿಕ್ಕಿತು. ಎಲೆಯ ತೊಟ್ಟುಗಳು ಬೀಸಣಿಗೆಯಂತೆ ಒಂದೇ ಕಡೆ ಒತ್ತಿಕೊಂಡು, ಹೂವಿನ ದಂಟು ಉದ್ದವಾಗದೆ ಗಿಡದ ಕೊರಳಲ್ಲೇ ಸಿಕ್ಕಿಕೊಂಡಿತು. ಎರಡು ಚಿಪ್ಪುಗಳು ದಿಂಡಿನ ಮಗ್ಗುಲನ್ನು ಸೀಳಿಕೊಂಡು ಹೊರಬಂದು, ಬೆರಳಿನಷ್ಟಕ್ಕೇ ಕಾಯಿ ನಿಂತುಹೋದವು. ದಿನವೂ ನೀರೆರೆದ ಗಿಡದ ಆ ಸ್ಥಿತಿ ನೋಡಿ ಮನೆಯವರೆಲ್ಲ ಮರುಗಿದೆವು. ಜೂನ್–ಜುಲೈನಲ್ಲಿ ನೆಟ್ಟಿದ್ದರೆ ಹೂ ಹೊರಡುವ ಹೊತ್ತಿಗೆ ಚಳಿ ಇಳಿದಿರುತ್ತಿತ್ತು.

ಬಾಳೆಯ ಬಗ್ಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಎಕರೆಗಟ್ಟಲೆ ಬೆಳೆಯುವವರಿಗಾಗಿ ಇರುತ್ತವೆ. ಶೀತಗಾಳಿಯ ಮುನ್ಸೂಚನೆ ಪ್ರಕಟಿಸುವ ದಿನ ಹಿತ್ತಲ ಗಿಡಗಳ ಆರೈಕೆಗೂ ನಾಲ್ಕು ಸಾಲು ಮೀಸಲಿಡಬೇಕೆಂದು ತಮ್ಮಲ್ಲಿ ವಿನಂತಿ. ಬಾಳೆ ಸಸಿ ಮಾರುವವರು ನೆಡುವ ತಿಂಗಳನ್ನು ನಮೂದಿಸಿದ ಕನ್ನಡದ ಚೀಟಿಯೊಂದನ್ನು ಪ್ರತಿ ಸಸಿಯೊಂದಿಗೆ ಕೊಡುವಂತೆ ತೋಟಗಾರಿಕೆ ಇಲಾಖೆ ಸೂಚಿಸಬೇಕು.

– ಓದುಗ, ಬೀದರ್