ಅಂಜೂರದ ಕುಂಡಕ್ಕೆ ಹಿಮದ ನಾಡಿನ ಪಂಚಾಂಗ ಬೇಡ

ಮಾನ್ಯರೆ,

ಮಲೆನಾಡಿನ ಅಂಗಳಗಳಲ್ಲಿ ಅಂಜೂರದ ಕುಂಡ ಈಗ ಅಪರೂಪವಲ್ಲ. ಆದರೆ ಬೆಳೆಸುವ ಕ್ರಮವನ್ನು ಅನೇಕರು ಹಿಮ ಬೀಳುವ ದೇಶದವರ ವಿಡಿಯೊ ನೋಡಿ ಕಲಿಯುತ್ತಾರೆ. ಅಲ್ಲಿ ಎಲೆ ಉದುರಿದ ಮೇಲೆ ಕುಂಡವನ್ನು ಕತ್ತಲೆಯ ಶೆಡ್ಡಿಗೆ ಸಾಗಿಸಿ, 0ಯಿಂದ 7 ಡಿಗ್ರಿ ತಂಪಿನಲ್ಲಿಟ್ಟು, ತಿಂಗಳಿಗೊಮ್ಮೆ ಮಣ್ಣಿನ ಪಸೆ ಆರದಷ್ಟೇ ನೀರು ಕೊಡುತ್ತಾರೆ. ಹೊರಗೇ ಬಿಟ್ಟರೆ ಕೊರೆಯುವ ಚಳಿಗೆ ರೆಂಬೆ ಸಾಯುತ್ತದೆ, ಕುಂಡದೊಳಗಿನ ಬೇರು ಅದಕ್ಕೂ ಮೊದಲೇ. ಅವರ ಮಟ್ಟಿಗೆ ಅದು ಸರಿ. ನಾವು ಡಿಸೆಂಬರಿನಲ್ಲಿ ನೀರು ನಿಲ್ಲಿಸಿದರೆ ಕಾಯಿ ಕಚ್ಚುವ ಹೊತ್ತಿಗೆ ಗಿಡವನ್ನು ಉಪವಾಸ ಕೆಡವಿದಂತೆ.

ನಮ್ಮ ಚಳಿ ಅಂಜೂರಕ್ಕೆ ಏನೂ ಮಾಡದು. ಕೆಡಿಸುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ. ಎಲೆಯ ಅಡಿಗೆ ಕಂದು ಪುಡಿ ಹತ್ತುವ ತುಕ್ಕು ರೋಗ ಬಂದು ಗಿಡ ಬೋಳಾಗುತ್ತದೆ. ಹಣ್ಣಾಗುವ ಕಾಯಿಯ ಕಣ್ಣಿನೊಳಗೆ ನೀರಿಳಿದು, ನೊಣ ಮುತ್ತಿ, ತಿರುಳು ಹುಳಿಯುತ್ತದೆ. ಹಾಗಾಗಿ ಕುಂಡ ಹೊರುವ ಕೆಲಸ ಮೃಗಶಿರಾ ಮಳೆ ಹಿಡಿಯುವ ಮೊದಲೇ ಆಗಬೇಕು. ಆದರೆ ಕತ್ತಲೆಗೆ ಮಾತ್ರ ಬೇಡ. ಹಿಮದ ನಾಡಿನ ಗಿಡ ಎಲೆ ಕಳಚಿ ಮಲಗಿರುತ್ತದೆ, ನಮ್ಮದು ಮಳೆಗಾಲದಲ್ಲೂ ಎಚ್ಚರವಾಗಿದ್ದು ಬೆಳಕು ಕೇಳುತ್ತದೆ. ಕೊಟ್ಟಿಗೆಯ ಮೂಲೆಯಲ್ಲಿಟ್ಟರೆ ಚಿಗುರು ಬಿಳಿಚಿ ಉದ್ದವಾಗುತ್ತದೆ. ಅಡಿಕೆ ಒಣಗಿಸುವ ಪಾರದರ್ಶಕ ಶೀಟಿನ ಮನೆ ಆ ನಾಲ್ಕು ತಿಂಗಳು ಖಾಲಿಯೇ ಇರುತ್ತದಲ್ಲ, ಅದರ ಪಕ್ಕದ ಪರದೆ ಎತ್ತಿ ಗಾಳಿಯಾಡಲು ಬಿಟ್ಟರೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಅಡಿಕೆ ಗೊನೆಯ ಕೊಯ್ಲು ಶುರುವಾಗುವಾಗ ಕುಂಡ ಹೊರಗೆ ಬರುತ್ತದೆ.

ಹೊರಬೇಕಾದ್ದರಿಂದ ಕುಂಡ 50 ಲೀಟರ್ ಮೀರದಿರಲಿ. ಅರ್ಧ ಕತ್ತರಿಸಿದ ಡ್ರಮ್ಮು ನಾಲ್ಕಾಳಿಗೂ ಭಾರ. ತಳದಲ್ಲಿ ಅರ್ಧ ಇಂಚಿನ 8–10 ತೂತು ಬೇಕು. ತಳಕ್ಕೆ ಜಲ್ಲಿ ಹಾಸುವ ರೂಢಿ ಬಿಡುವುದು ಒಳ್ಳೆಯದು. ನೀರು ಜಲ್ಲಿಗೆ ಇಳಿಯದೆ ಅದರ ಮೇಲಿನ ಮಣ್ಣಿನಲ್ಲೇ ನಿಲ್ಲುತ್ತದೆ, ಬೇರು ಅಲ್ಲೇ ಕೊಳೆಯುತ್ತದೆ. ತೂತಿಗೆ ಬಲೆಯ ತುಂಡು ಸಾಕು. ಕೆಂಪು ಮಣ್ಣು ಎರಡು ಪಾಲು, ಮರಳು, ಕಳಿತ ಕೊಟ್ಟಿಗೆ ಗೊಬ್ಬರ, ಸುಟ್ಟ ಭತ್ತದ ಹೊಟ್ಟು ಒಂದೊಂದು ಪಾಲು. ನಮ್ಮ ಮಣ್ಣು ಹುಳಿಯಾದ್ದರಿಂದ 100 ಗ್ರಾಂ ಡೋಲೋಮೈಟ್ ಸೇರಿಸಬೇಕು. ಬೇರುಗಂಟು ಹುಳಕ್ಕೆ ಬೇವಿನ ಹಿಂಡಿ 100 ಗ್ರಾಂ. ಯೂರಿಯಾ ಹಾಕಿದರೆ ಸೊಪ್ಪು ಸೊಂಪಾಗಿ ಬಂದು ಕಾಯಿ ಮಾಯ.

ಚಿತ್ತಾ ಮಳೆ ಮುಗಿದ ಮೇಲೆ ರೆಂಬೆಗಳನ್ನು ಅರ್ಧಕ್ಕೆ ಸವರಬೇಕು, ಏಕೆಂದರೆ ಮುಖ್ಯ ಫಸಲು ಹೊಸ ಚಿಗುರಿನಲ್ಲೇ. ನಾಲ್ಕೈದು ತಿಂಗಳಿಗೆ, ಅಂದರೆ ಮಾರ್ಚಿನ ಬಿಸಿಲಿಗೆ, ಹಣ್ಣು. ಗಿಡದ ಹಾಲು ಮೈಗೆ ತಾಗಿ ಬಿಸಿಲು ಬಿದ್ದರೆ ಬೊಕ್ಕೆ ಏಳುತ್ತದೆ, ಕೈಗವಸು ಹಾಕಿಕೊಳ್ಳಿ. ಸವರಿದ ಕಡ್ಡಿಯಲ್ಲಿ ಪೆನ್ಸಿಲ್ ದಪ್ಪದ್ದನ್ನು 8 ಇಂಚಿಗೆ ಕತ್ತರಿಸಿ, ಎರಡು ಗಿಣ್ಣು ಮಣ್ಣಿನೊಳಗೆ ಹೋಗುವಂತೆ ನೆಟ್ಟರೆ ಒಂದೂವರೆ ತಿಂಗಳಿಗೆ ಬೇರು.

ತುಕ್ಕಿಗೆ ಬೇರೆ ಮದ್ದು ಹುಡುಕಬೇಕಿಲ್ಲ. ಕೊಳೆರೋಗಕ್ಕೆ ಅಡಿಕೆಗೆ ಹೊಡೆಯುವ ಮೈಲುತುತ್ತ, ಸುಣ್ಣ ಬೆರೆಸಿದ ಶೇ 1ರ ಬೋರ್ಡೋ ದ್ರಾವಣವನ್ನೇ, ಮಾಡಿದ ದಿನವೇ, ಎಲೆಯ ಅಡಿಭಾಗಕ್ಕೆ ಸಿಂಪಡಿಸಿದರಾಯಿತು. ಉದುರಿದ ಎಲೆ ಆಯ್ದು ಸುಡಬೇಕು.

ಕಾಡಿನ ಅತ್ತಿಗೆ ಪರಾಗ ಹೊರುವ ಕಣಜದ ಹುಳ ಬೇಕು, ಇದಕ್ಕೆ ಬೇಡ. ಪೂನಾ ತಳಿಯ ಒಂದೇ ಗಿಡ ತಾನಾಗಿ ಹಣ್ಣು ಬಿಡುತ್ತದೆ. ಕಿತ್ತ ಮೇಲೆ ಅಂಜೂರ ಹಣ್ಣಾಗದು. ತೊಟ್ಟು ಬಾಗಿ, ಕಾಯಿ ಮೆತ್ತಗಾಗುವವರೆಗೆ ಕಾಯಬೇಕು. ಕಾಯಲು ಮಂಗಗಳು ಬಿಡವು ಎನ್ನುವವರು ಕಾಯಿ ಬಣ್ಣ ತಿರುಗುವ ಮೊದಲೇ ಕುಂಡವನ್ನು ಬಲೆಯ ಒಳಗೆ ಸರಿಸಲಿ.

– ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು