ದೊಡ್ಡವರ ಕೃಷಿ ಆದಾಯಕ್ಕೂ ತೆರಿಗೆ ಇರಲಿ

ಮಾನ್ಯ ಸಂಪಾದಕರೆ,

ಕೃಷಿ ಆದಾಯಕ್ಕೆ ತೆರಿಗೆ ಎಂಬ ಮಾತು ಎದ್ದಾಗಲೆಲ್ಲ ಆಡಳಿತ ಪಕ್ಷ, ವಿರೋಧ ಪಕ್ಷ ಎನ್ನದೆ ಎಲ್ಲರೂ ಬೇಡವೆನ್ನುತ್ತಾರೆ. ಕಷ್ಟದಲ್ಲಿರುವ ರೈತನ ತಲೆಯ ಮೇಲೆ ಇನ್ನೊಂದು ಹೊರೆ ಬೇಡ ಎಂಬ ಕಳಕಳಿ ನ್ಯಾಯವಾದದ್ದೇ. ಆದರೆ ಕೃಷಿ ಆದಾಯಕ್ಕೆ ಈಗಿರುವ ವಿನಾಯಿತಿಯಿಂದ ತೆರಿಗೆ ಉಳಿಸಿಕೊಳ್ಳುತ್ತಿರುವವರು ಯಾರು ಎಂದು ಕಾಗದ ಪೆನ್ನು ಹಿಡಿದು ಲೆಕ್ಕ ಹಾಕಿದವರು ಕಡಿಮೆ. ಆ ಲೆಕ್ಕವನ್ನು ನಿಮ್ಮ ಓದುಗರ ಮುಂದಿಡುವುದು ಈ ಪತ್ರದ ಉದ್ದೇಶ.

ಮೊದಲು ಸಾಮಾನ್ಯ ರೈತನ ವಿಷಯ. ರಾಷ್ಟ್ರೀಯ ಮಾದರಿ ಸಮೀಕ್ಷೆಯ 77ನೇ ಸುತ್ತಿನ ಪ್ರಕಾರ 2018-19ರಲ್ಲಿ ದೇಶದ ಒಂದು ಕೃಷಿಕ ಕುಟುಂಬದ ಸರಾಸರಿ ಆದಾಯ ತಿಂಗಳಿಗೆ 10,218 ರೂಪಾಯಿ. ಕೂಲಿ, ಹೈನು ಎಲ್ಲ ಸೇರಿ ಇಷ್ಟು. ವರ್ಷಕ್ಕೆ ಸುಮಾರು 1.22 ಲಕ್ಷ. 2015-16ರ ಕೃಷಿ ಗಣತಿಯಂತೆ ದೇಶದ ಹಿಡುವಳಿಗಳಲ್ಲಿ ಶೇ 86ರಷ್ಟು 2 ಹೆಕ್ಟೇರಿಗಿಂತ ಚಿಕ್ಕವು. ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ 2025-26ರಿಂದ ವರ್ಷಕ್ಕೆ 12 ಲಕ್ಷದವರೆಗೆ ಆದಾಯವಿರುವ ವ್ಯಕ್ತಿಗೆ ರಿಯಾಯಿತಿ ಕಳೆದ ಮೇಲೆ ತೆರಿಗೆಯೇ ಬರುವುದಿಲ್ಲ. ಅಂದರೆ ನಾಳೆ ಬೆಳಿಗ್ಗೆ ಕೃಷಿ ಆದಾಯವನ್ನು ಸಂಬಳದಂತೆಯೇ ಎಣಿಸಿದರೂ ಎರಡು ಮೂರು ಎಕರೆಯ ರಾಗಿ, ಜೋಳ, ತೊಗರಿ ಬೆಳೆಯುವವನಿಗೆ ಒಂದು ರೂಪಾಯಿ ತೆರಿಗೆಯೂ ಬೀಳದು. ಅವನನ್ನು ತೆರಿಗೆಯಿಂದ ಕಾಪಾಡುತ್ತಿರುವುದು ಅವನ ಆದಾಯದ ಮಟ್ಟವೇ. ವಿನಾಯಿತಿ ಇದ್ದರೂ ಇಲ್ಲದಿದ್ದರೂ ಅವನ ಪಾಲಿಗೆ ವ್ಯತ್ಯಾಸವಿಲ್ಲ.

ವ್ಯತ್ಯಾಸ ಆಗುವುದು ಮೇಲಿನ ಮಟ್ಟದಲ್ಲಿ. ಕೃಷಿಯೇತರ ಆದಾಯವೂ ಇರುವ ವ್ಯಕ್ತಿಯ ಕೃಷಿ ಆದಾಯ 5,000 ರೂಪಾಯಿ ದಾಟಿದರೆ ತೆರಿಗೆಯ ದರ ನಿರ್ಧರಿಸಲು ಅದನ್ನು ಸೇರಿಸಿ ಲೆಕ್ಕ ಹಾಕುವ ಕ್ರಮವೊಂದಿದೆ. ಎರಡೂ ಆದಾಯ ಕೂಡಿಸಿ ತೆರಿಗೆ ಲೆಕ್ಕ ಹಾಕಿ ನೋಡುವುದು. ಕೃಷಿ ಆದಾಯಕ್ಕೆ, ತೆರಿಗೆಯ ದರಗಳು ಶುರುವಾಗುವ ಮೂಲ ಮಿತಿಯಾದ 4 ಲಕ್ಷ ಸೇರಿಸಿ ಮತ್ತೊಮ್ಮೆ ತೆರಿಗೆ ಲೆಕ್ಕ ಹಾಕಿ ನೋಡುವುದು. ಮೊದಲನೆಯದರಿಂದ ಎರಡನೆಯದನ್ನು ಕಳೆಯುವುದು. ಈ ಕ್ರಮ ಇರುವುದರಿಂದ ಶ್ರೀಮಂತರು ತಪ್ಪಿಸಿಕೊಳ್ಳಲಾರರು ಎಂದು ಎಷ್ಟೋ ಜನ ನಂಬಿದ್ದಾರೆ.

ಉದಾಹರಣೆ ನೋಡಿ. ಒಬ್ಬರಿಗೆ ನಗರದ ವ್ಯವಹಾರದಿಂದ 24 ಲಕ್ಷ, ತೋಟದಿಂದ 50 ಲಕ್ಷ ನಿವ್ವಳ ಆದಾಯ. 2025-26ರ ಹೊಸ ಪದ್ಧತಿಯ ದರದಲ್ಲಿ 74 ಲಕ್ಷಕ್ಕೆ ತೆರಿಗೆ 18 ಲಕ್ಷ. 54 ಲಕ್ಷಕ್ಕೆ 12 ಲಕ್ಷ. ಕಳೆದರೆ 6 ಲಕ್ಷ, ಅದರ ಮೇಲೆ ಶೇ 4 ಸೆಸ್. ತೋಟವೇ ಇಲ್ಲದಿದ್ದರೆ 24 ಲಕ್ಷಕ್ಕೆ ಅವರು ಹೇಗೂ 3 ಲಕ್ಷ ಕಟ್ಟಬೇಕಿತ್ತು. ಹಾಗಾಗಿ ತೋಟದ 50 ಲಕ್ಷದಿಂದ ಹೆಚ್ಚಾದದ್ದು 3 ಲಕ್ಷ ಮಾತ್ರ. ಈಗ ತೋಟದ ಆದಾಯವನ್ನು 5 ಕೋಟಿ ಎಂದು ಬದಲಿಸಿ ಅದೇ ಲೆಕ್ಕ ಮಾಡಿ. ಉತ್ತರ ಮತ್ತೆ ಅದೇ 6 ಲಕ್ಷ. ಕೃಷಿ ಆದಾಯ 20 ಲಕ್ಷ ಮುಟ್ಟಿದ ಮೇಲೆ ಎಷ್ಟೇ ಏರಲಿ, ಈ ಕ್ರಮದಿಂದ ಹುಟ್ಟುವ ಹೆಚ್ಚುವರಿ ತೆರಿಗೆ 3 ಲಕ್ಷಕ್ಕೆ ನಿಂತುಬಿಡುತ್ತದೆ. ಅದೇ 74 ಲಕ್ಷ ಪೂರ್ತಿ ವ್ಯವಹಾರದ ಆದಾಯವಾಗಿದ್ದರೆ 18 ಲಕ್ಷ, ಆದಾಯ 50 ಲಕ್ಷ ದಾಟಿದ್ದಕ್ಕೆ ಶೇ 10 ಸರ್ಚಾರ್ಜ್ ಸೇರಿ 19.80 ಲಕ್ಷ, ಮೇಲೆ ಸೆಸ್. ಸರ್ಚಾರ್ಜಿನ ಮಿತಿ ಎಣಿಸುವಾಗಲೂ ಕೃಷಿ ಆದಾಯ ಲೆಕ್ಕಕ್ಕೆ ಬರುವುದಿಲ್ಲ. ಐದು ಕೋಟಿಯ ತೋಟದ ಒಡೆಯ ಸರ್ಕಾರದ ಕಣ್ಣಿಗೆ 24 ಲಕ್ಷದ ಆಸಾಮಿ.

ಕಂಪನಿ ಮತ್ತು ಪಾಲುದಾರಿಕೆ ಸಂಸ್ಥೆಗಳಿಗಂತೂ ಈ ಕೂಡಿ ಕಳೆಯುವ ಕ್ರಮವೇ ಇಲ್ಲ. ಅವುಗಳ ಕೃಷಿ ಆದಾಯ ಪೂರ್ತಿ ಹೊರಗೆ.

ಈ ಏರ್ಪಾಟು ಬಂದದ್ದು ಎಲ್ಲಿಂದ? 1860ರಲ್ಲಿ ಬ್ರಿಟಿಷರು ಮೊದಲು ಆದಾಯ ತೆರಿಗೆ ತಂದಾಗ ಕೃಷಿ ಆದಾಯವೂ ಅದರೊಳಗಿತ್ತು. 1886ರ ಕಾಯ್ದೆ ಅದನ್ನು ಹೊರಗಿಟ್ಟಿತು. ಭೂಮಿಯ ಮೇಲೆ ಆಗಲೇ ಭಾರಿ ಕಂದಾಯ ವಸೂಲಾಗುತ್ತಿತ್ತು ಎಂಬುದು ಅದಕ್ಕೆ ಕೊಟ್ಟ ಮುಖ್ಯ ಕಾರಣ. ಇಂದು ಭೂಕಂದಾಯ ಹೆಸರಿಗಷ್ಟೇ ಉಳಿದಿದೆ, ವಿನಾಯಿತಿ ಮಾತ್ರ ಅಲುಗಾಡಿಲ್ಲ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಕೇಂದ್ರ ಪಟ್ಟಿಯ 82ನೇ ನಮೂದು ಕೃಷಿ ಆದಾಯವನ್ನು ಬಿಟ್ಟು ಉಳಿದ ಆದಾಯದ ಮೇಲಿನ ತೆರಿಗೆಯನ್ನು ಕೇಂದ್ರಕ್ಕೆ ಕೊಟ್ಟರೆ, ರಾಜ್ಯ ಪಟ್ಟಿಯ 46ನೇ ನಮೂದು ಕೃಷಿ ಆದಾಯ ತೆರಿಗೆಯನ್ನು ರಾಜ್ಯಗಳಿಗೆ ಬಿಟ್ಟಿದೆ. 2026ರ ಏಪ್ರಿಲ್ 1ರಿಂದ ಜಾರಿಯಾಗುವಂತೆ ಸಂಸತ್ತು ಅಂಗೀಕರಿಸಿದ 2025ರ ಆದಾಯ ತೆರಿಗೆ ಕಾಯ್ದೆಯಲ್ಲೂ ವಿನಾಯಿತಿ ಹಾಗೆಯೇ ಇದೆ. 1972ರಲ್ಲಿ ಕೆ.ಎನ್. ರಾಜ್ ಸಮಿತಿ ಹಿಡುವಳಿಯ ಉತ್ಪಾದನಾ ಶಕ್ತಿ ನೋಡಿ ತೆರಿಗೆ ಹಾಕಿ ಎಂದಿತು. 2002ರಲ್ಲಿ ವಿಜಯ್ ಕೇಳ್ಕರ್ ನೇತೃತ್ವದ ಕಾರ್ಯಪಡೆ, ರಾಜ್ಯಗಳು ಒಪ್ಪಿ ನಿರ್ಣಯ ಕೊಟ್ಟರೆ ಕೇಂದ್ರವೇ ವಸೂಲು ಮಾಡಿಕೊಡಬಹುದು ಎಂದಿತು. ಎರಡೂ ಕಪಾಟು ಸೇರಿದವು. ನಮ್ಮಲ್ಲಿ 1957ರ ಕರ್ನಾಟಕ ಕೃಷಿ ಆದಾಯ ತೆರಿಗೆ ಕಾಯ್ದೆ ಮುಖ್ಯವಾಗಿ ತೋಟದ ಬೆಳೆಗಳ ಮೇಲೆ ನಡೆದಿತ್ತು; ವಿನಾಯಿತಿಗಳು ಒಂದರ ಮೇಲೊಂದು ಸೇರಿ ಬೊಕ್ಕಸಕ್ಕೆ ಅದರಿಂದ ಬರುವುದು ಲೆಕ್ಕಕ್ಕಿಲ್ಲದಂತಾಯಿತು.

ಕರ್ನಾಟಕದಲ್ಲಿ ಈ ಪ್ರಶ್ನೆ ಈಗ ತುರ್ತಾಗಿರುವುದಕ್ಕೆ ಕಾರಣವಿದೆ. ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು ಕೃಷಿಕರಲ್ಲದವರು ಮತ್ತು ಕೃಷಿಯೇತರ ಮೂಲದಿಂದ ವರ್ಷಕ್ಕೆ 25 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಆದಾಯವಿರುವವರು ಸಾಗುವಳಿ ಜಮೀನು ಕೊಳ್ಳುವುದನ್ನು ತಡೆಯುತ್ತಿದ್ದವು. 2020ರ ತಿದ್ದುಪಡಿ ಅವನ್ನು ಕಿತ್ತುಹಾಕಿತು. ಈಗ ಯಾವ ಉದ್ಯಮಿ ಬೇಕಾದರೂ ಜಮೀನು ಕೊಳ್ಳಬಹುದು. ಕೊಂಡರೆ ತಪ್ಪೇನಿಲ್ಲ. ಆದರೆ ಜಮೀನಿನ ಜೊತೆಗೆ ಬಡ ರೈತನಿಗೆಂದು ಇಟ್ಟ ತೆರಿಗೆ ವಿನಾಯಿತಿಯೂ ಅವರ ಹೆಸರಿಗೆ ಖಾತೆಯಾಗುವುದು ತಪ್ಪು.

ಮಾರುವಾಗಿನ ಲಾಭ ಇನ್ನೂ ದೊಡ್ಡದು. ಗ್ರಾಮೀಣ ಕೃಷಿ ಜಮೀನನ್ನು ಕಾನೂನು ಬಂಡವಾಳ ಆಸ್ತಿ, ಅಂದರೆ ಮಾರಿದ ಲಾಭಕ್ಕೆ ತೆರಿಗೆ ಬೀಳುವ ಆಸ್ತಿ ಎಂದೇ ಪರಿಗಣಿಸುವುದಿಲ್ಲ. ಗ್ರಾಮೀಣ ಎನಿಸಿಕೊಳ್ಳಲು ಜಮೀನು ಪುರಸಭೆ, ನಗರಸಭೆ, ಪಾಲಿಕೆಯ ಗಡಿಯೊಳಗಿರಬಾರದು. ಜನಸಂಖ್ಯೆ 10 ಸಾವಿರದಿಂದ 1 ಲಕ್ಷದವರೆಗಿನ ಊರಾದರೆ ಗಡಿಯಿಂದ 2 ಕಿ.ಮೀ., 10 ಲಕ್ಷದವರೆಗಾದರೆ 6 ಕಿ.ಮೀ., ಅದಕ್ಕೂ ದೊಡ್ಡದಾದರೆ 8 ಕಿ.ಮೀ. ಆಚೆ ಇರಬೇಕು. ಅಳತೆ ರಸ್ತೆಯ ದೂರದಲ್ಲಲ್ಲ, ಆಕಾಶಮಾರ್ಗದ ನೇರ ದೂರದಲ್ಲಿ. ಈ ಗೆರೆಯಾಚೆ 1 ಕೋಟಿಗೆ ಕೊಂಡ ಜಮೀನು 6 ಕೋಟಿಗೆ ಮಾರಾಟವಾದರೆ 5 ಕೋಟಿ ಲಾಭಕ್ಕೆ ತೆರಿಗೆ ಸೊನ್ನೆ. ಅದೇ 5 ಕೋಟಿ ಲಾಭ ಬೆಂಗಳೂರಿನ ನಿವೇಶನದಿಂದ ಬಂದಿದ್ದರೆ ಶೇ 12.5ರಂತೆ 62.5 ಲಕ್ಷ, ಜೊತೆಗೆ ಸರ್ಚಾರ್ಜ್ ಮತ್ತು ಸೆಸ್. ಭೂಪರಿವರ್ತನೆ ಆದ ಮೇಲೆ ಜಮೀನು ಕೃಷಿಯದ್ದಾಗಿ ಉಳಿಯುವುದಿಲ್ಲವಾದ್ದರಿಂದ ಪರಿವರ್ತನೆಗೆ ಮುಂಚೆಯೇ ಮಾರುವ ಜಾಣತನವೂ ಚಾಲ್ತಿಯಲ್ಲಿದೆ. ತಲೆಮಾರುಗಳಿಂದ ಉತ್ತ ಕುಟುಂಬ ಕಷ್ಟಕ್ಕೆ ಜಮೀನು ಮಾರಿದಾಗ ಈ ರಕ್ಷಣೆ ಇರಲೇಬೇಕು. ನಾಲ್ಕು ವರ್ಷಕ್ಕೊಮ್ಮೆ ಕೊಂಡು ಮಾರುವವರಿಗೆ ಅದೇ ರಕ್ಷಣೆ ಏಕೆ?

ಇಷ್ಟು ಕಾನೂನಿನೊಳಗಿನ ಮಾತು. ಇನ್ನು ಹೊರಗಿನದು. ಲೆಕ್ಕಕ್ಕೆ ಸಿಗದ ನಗದನ್ನು ತೋಟದ ಆದಾಯವೆಂದು ತೋರಿಸಿ ಬ್ಯಾಂಕಿಗೆ ಕಟ್ಟುವುದು ಹಳೆಯ ದಾರಿ. ಸಾಮಾನ್ಯವಾಗಿ ಒಂದು ದಿನಕ್ಕೆ ಒಬ್ಬರಿಗೆ 10 ಸಾವಿರಕ್ಕಿಂತ ಹೆಚ್ಚು ನಗದು ಕೊಟ್ಟರೆ ವ್ಯಾಪಾರಿಗೆ ಆ ಖರ್ಚನ್ನು ತನ್ನ ಆದಾಯದಿಂದ ಕಳೆಯಲು ಬಿಡುವುದಿಲ್ಲ, ಆದರೆ ಬೆಳೆಗಾರನಿಂದ ನೇರವಾಗಿ ಕೃಷಿ ಉತ್ಪನ್ನ ಕೊಂಡಾಗ ಈ ನಿರ್ಬಂಧವಿಲ್ಲ. ರೈತನ ಅನುಕೂಲಕ್ಕೆ ಮಾಡಿದ ನಿಯಮವದು. ಬಿಲ್ಲು ಬರೆದುಕೊಡಲು ಒಪ್ಪುವ ಒಬ್ಬ ವ್ಯಾಪಾರಿ ಸಿಕ್ಕರೆ ಬೆಳೆಯದ ಬೆಳೆಯೂ ಮಾರಾಟವಾಗುತ್ತದೆ.

ಇಂಥದ್ದನ್ನು ಹಿಡಿಯುವುದು ಕಷ್ಟವಲ್ಲ. ಮಳೆಯಾಶ್ರಿತ ರಾಗಿ ಎಕರೆಗೆ 10 ಕ್ವಿಂಟಲ್ ಬಂದರೆ ಒಳ್ಳೆಯ ಬೆಳೆ. 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. 5 ಎಕರೆಗೆ ಖರ್ಚು ಕಳೆಯುವ ಮೊದಲೇ ಸಿಗುವುದು ಸುಮಾರು 2.44 ಲಕ್ಷ. ಅಂಥ 5 ಎಕರೆಯಿಂದ 40 ಲಕ್ಷ ನಿವ್ವಳ ಆದಾಯ ಎಂದು ಯಾರಾದರೂ ಬರೆದುಕೊಟ್ಟರೆ ಅದನ್ನು ಪ್ರಶ್ನಿಸಲು ಕೃಷಿ ಪದವಿ ಬೇಕಿಲ್ಲ. ನಿವ್ವಳ ಕೃಷಿ ಆದಾಯ 5 ಲಕ್ಷ ದಾಟಿದವರು ರಿಟರ್ನಿನಲ್ಲಿ ಜಿಲ್ಲೆ, ಪಿನ್ ಕೋಡ್, ಎಷ್ಟು ಎಕರೆ, ಸ್ವಂತದ್ದೋ ಗುತ್ತಿಗೆಯದ್ದೋ, ನೀರಾವರಿಯೋ ಮಳೆಯಾಶ್ರಿತವೋ ಎಂದು ತುಂಬಬೇಕು. ಆದರೆ ಸರ್ವೆ ನಂಬರ್ ಕೇಳುವ ಅಂಕಣವಿಲ್ಲ. ಅದೊಂದಿದ್ದರೆ ರಾಜ್ಯದ ಭೂದಾಖಲೆಗಳ ‘ಭೂಮಿ’ ತಂತ್ರಾಂಶದ ಪಹಣಿಯಲ್ಲಿ 9ನೇ ಕಾಲಂ ಮಾಲೀಕರ ಹೆಸರು ಹೇಳುತ್ತದೆ, 12ನೇ ಕಾಲಂ ಬೆಳೆ ಹೇಳುತ್ತದೆ. ಬೆಳೆ ಸಮೀಕ್ಷೆಯ ಆ್ಯಪಿನಲ್ಲಿ ಹಂಗಾಮುವಾರು ಚಿತ್ರವೇ ಇದೆ. ಬೆಳೆ ವಿಮೆಯ ಪರಿಹಾರ ಕೊಡುವಾಗ ಸಣ್ಣ ರೈತನ ಅರ್ಜಿಯನ್ನು ಈ ದಾಖಲೆಗಳ ಜೊತೆ ತಾಳೆ ನೋಡುವ ವ್ಯವಸ್ಥೆಗೆ, 40 ಲಕ್ಷದ ವಿನಾಯಿತಿಯನ್ನೂ ತಾಳೆ ನೋಡುವುದು ಅಸಾಧ್ಯವೇನಲ್ಲ. ಆಗದಿರುವುದರ ಫಲ ಭಾರತದ ಮಹಾಲೇಖಪಾಲರ (ಸಿಎಜಿ) 2019ರ ವರದಿಯಲ್ಲಿದೆ. ಅವರು ಪರಿಶೀಲಿಸಿದ ಕೃಷಿ ಆದಾಯದ ಪ್ರಕರಣಗಳಲ್ಲಿ ಸುಮಾರು ಶೇ 22.5ರಷ್ಟರಲ್ಲಿ ದಾಖಲೆಗಳನ್ನು ಸರಿಯಾಗಿ ನೋಡದೆಯೇ ವಿನಾಯಿತಿ ಒಪ್ಪಲಾಗಿತ್ತು. ಅವು ಇಲಾಖೆ ವಿಚಾರಣೆಗೆಂದೇ ಆಯ್ದುಕೊಂಡಿದ್ದ ಕಡತಗಳು ಎಂಬುದನ್ನು ಗಮನಿಸಬೇಕು.

ರಾಜ್ಯ ಸರ್ಕಾರ ಮನಸ್ಸು ಮಾಡಿದರೆ 46ನೇ ನಮೂದಿನ ಅಧಿಕಾರ ಅದರ ಕೈಯಲ್ಲೇ ಇದೆ. ಆ ತೆರಿಗೆಯ ಹಣ ಕೇಂದ್ರವು ರಾಜ್ಯಗಳಿಗೆ ಹಂಚುವ ವಿಭಜನೀಯ ನಿಧಿಗೆ ಹೋಗಿ ಸೂತ್ರದ ಮೇಲೆ ಹಂಚಿಕೆಯಾಗುವಂಥದ್ದಲ್ಲ, ಪೂರ್ತಿ ರಾಜ್ಯದ್ದೇ. ಮಿತಿಯನ್ನು ಎತ್ತರದಲ್ಲಿಡಲಿ. ವ್ಯಕ್ತಿಯ ನಿವ್ವಳ ಕೃಷಿ ಆದಾಯ 25 ಲಕ್ಷದವರೆಗೆ ಏನೂ ಬೇಡ, ರಿಟರ್ನೂ ಬೇಡ. ಅದರ ಮೇಲಿನ ಭಾಗಕ್ಕಷ್ಟೇ ತೆರಿಗೆ. ಕಾಫಿ, ಮೆಣಸು, ಅಡಿಕೆಗಳ ಬೆಲೆ ಒಂದು ವರ್ಷ ಏರಿ ಮರುವರ್ಷ ಕುಸಿಯುತ್ತದೆ, ಹೂಮಳೆ ತಪ್ಪಿದರೆ ಫಸಲೇ ಇಲ್ಲ, ಕೊಳೆರೋಗ ಬಂದರೆ ಅಡಿಕೆ ನೆಲ ಸೇರುತ್ತದೆ. ಆದ್ದರಿಂದ ಒಂದೇ ವರ್ಷದ ಆದಾಯ ಹಿಡಿಯದೆ ಮೂರು ವರ್ಷದ ಸರಾಸರಿ ಹಿಡಿಯಬೇಕು, ನಷ್ಟವನ್ನು 8 ವರ್ಷ ಮುಂದಕ್ಕೆ ಒಯ್ಯಲು ಬಿಡಬೇಕು.  ಕುಟುಂಬದ ಸದಸ್ಯರ ಹೆಸರಿಗೆ ಆದಾಯ ಹಂಚಿ ಮಿತಿಯ ಕೆಳಗಿಳಿಯುವ ಪ್ರಯತ್ನಗಳು ಆಗಿಯೇ ಆಗುತ್ತವೆ. ಗಂಡ, ಹೆಂಡತಿ, ಅಪ್ರಾಪ್ತ ಮಕ್ಕಳ ಆದಾಯವನ್ನು ಒಂದಾಗಿ ಎಣಿಸುವ ಕಲಮು ಮೊದಲ ದಿನದಿಂದಲೇ ಇರಬೇಕು. ಕಂಪನಿಗಳಿಗೆ ಮಿತಿಯ ಅಗತ್ಯವೇ ಇಲ್ಲ. ಅಲ್ಲಿಂದಲೇ ಶುರುಮಾಡಬಹುದು.

ಕಾನೂನು ಬದಲಾಗುವವರೆಗೆ ಕಾಯಬೇಕಿಲ್ಲದ ಕರ್ತವ್ಯಗಳೂ ಉಳ್ಳವರಿಗೆ ಇವೆ. ಸಂಪತ್ತು ತೆರಿಗೆ 2015ರಲ್ಲಿ ಹೋಯಿತು, ಉತ್ತರಾಧಿಕಾರದ ಮೇಲಿನ ಎಸ್ಟೇಟ್ ಸುಂಕ 1985ರಲ್ಲೇ ಹೋಯಿತು. ಶ್ರೀಮಂತನ ಗಳಿಕೆಯನ್ನು ನೇರವಾಗಿ ಮುಟ್ಟುವುದು ಹೆಚ್ಚುಕಡಿಮೆ ಆದಾಯ ತೆರಿಗೆಯೊಂದೇ. ರಸಗೊಬ್ಬರದ ಚೀಲಕ್ಕೆ ಶೇ 5 ಜಿಎಸ್‌ಟಿ ಕೊಡುವ ರೈತ ತನ್ನ ಪಾಲನ್ನು ಅಂಗಡಿಯಲ್ಲೇ ಕಟ್ಟಿ ಬರುತ್ತಾನೆ. ಆದ್ದರಿಂದ ರಿಟರ್ನ್ ತುಂಬುವಾಗ ಇಷ್ಟು ಪ್ರಾಮಾಣಿಕತೆ ಸಾಕು: ತೋಟದ ಮನೆಯನ್ನು ಮದುವೆಗೆ, ಚಿತ್ರೀಕರಣಕ್ಕೆ, ಹೋಮ್‌ಸ್ಟೇಗೆ ಕೊಟ್ಟ ಬಾಡಿಗೆ ಕೃಷಿ ಆದಾಯವಲ್ಲ. ಹೈನುಗಾರಿಕೆ, ಕೋಳಿ ಸಾಕಣೆಯದ್ದೂ ಅಲ್ಲ. ತಾನಾಗಿ ಬೆಳೆದ ಕಾಡುಮರ ಮಾರಿದ್ದೂ ಅಲ್ಲ. ಉಳುಮೆ, ಬಿತ್ತನೆ, ನಾಟಿಯಂಥ ಮೂಲ ಕೆಲಸ ನಡೆದಿರಬೇಕೆಂದು 1957ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಗಾರರು ಕಾಫಿಯನ್ನು ಚೆರಿಯಾಗಿಯೋ (ಒಣಗಿಸಿದ ಇಡೀ ಹಣ್ಣು) ಪಾರ್ಚ್‌ಮೆಂಟಾಗಿಯೋ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ, ಹೊಟ್ಟಿರುವ ಬೀಜ) ಮಾರಿದರೆ ಪೂರ್ತಿ ವಿನಾಯಿತಿ. ಕ್ಯೂರಿಂಗ್ (ಹೊಟ್ಟು ತೆಗೆದು ಬೀಜ ವಿಂಗಡಿಸುವುದು) ಮಾಡಿಸಿ ಮಾರಿದರೆ ಆದಾಯದ ಶೇ 25, ಹುರಿದು ಪುಡಿ ಮಾಡಿ ಮಾರಿದರೆ ಶೇ 40 ತೆರಿಗೆಗೆ ಒಳಪಡುತ್ತದೆ. ಪದೇ ಪದೇ ಜಮೀನು ಕೊಂಡು ಮಾರುವವರು ಅದನ್ನು ವ್ಯಾಪಾರದ ಆದಾಯವೆಂದೇ ತೋರಿಸಬೇಕು. ಪಹಣಿ, ಎಪಿಎಂಸಿ ಅಥವಾ ಕ್ಯೂರಿಂಗ್ ವರ್ಕ್ಸ್ ರಸೀದಿ, ಕೂಲಿ ಮತ್ತು ಗೊಬ್ಬರದ ಖರ್ಚಿನ ಪುಸ್ತಕ, ಹಣ ಬಂದ ಬ್ಯಾಂಕ್ ಖಾತೆಯ ವಿವರ, ಈ ನಾಲ್ಕನ್ನು ಆಯಾ ಬೆಳೆ ವರ್ಷಕ್ಕೆ ಒಂದೇ ಕಡತದಲ್ಲಿಟ್ಟು, ಇವು ಒಂದಕ್ಕೊಂದು ಹೊಂದುವ ಮೊತ್ತವನ್ನಷ್ಟೇ ಕೃಷಿ ಆದಾಯವೆಂದು ಬರೆಯಬೇಕು. ಹೊಂದದೆ ಉಳಿದದ್ದಕ್ಕೆ ತೆರಿಗೆ ಕಟ್ಟಬೇಕು.

ಇಂತಿ,
ಒಬ್ಬ ತೆರಿಗೆ ಸಲಹೆಗಾರ, ಹಾಸನ